ನೂರು ಮಂದಿ ಒಮ್ಮೆಲೇ ಬಂದಾಗ: ತಾಲ್ಲೂಕು ಆಸ್ಪತ್ರೆಯ ಮೊದಲ ಗಂಟೆಗೆ ಸಿದ್ಧತೆ

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದ ಉಂಡ ನೂರಕ್ಕೂ ಹೆಚ್ಚು ಮಂದಿ ಕೀಟನಾಶಕದ ವಿಷಕ್ಕೆ ಸಿಕ್ಕಿದರು. ಅವರನ್ನು ಮೊದಲು ಕಾಮಗೆರೆ, ಕೊಳ್ಳೇಗಾಲಗಳ ಆಸ್ಪತ್ರೆಗಳಿಗೂ ಬಳಿಕ ಮೈಸೂರಿಗೂ ಸಾಗಿಸಲಾಯಿತು. 17 ಮಂದಿ ಉಳಿಯಲಿಲ್ಲ. ಇಂಥ ದಿನ ಮೊದಲ ಗಂಟೆಯ ಹೊಣೆ ಬೀಳುವುದು ಒಬ್ಬಿಬ್ಬರು ಡ್ಯೂಟಿ ಡಾಕ್ಟರು ಮತ್ತು ಕೆಲವೇ ಸಿಸ್ಟರ್‌ಗಳಿರುವ ಆಸ್ಪತ್ರೆಯ ಮೇಲೆ. ಆದ್ದರಿಂದ ಯೋಜನೆಯನ್ನು ಬರೆಯಬೇಕಾದುದು ಆ ಒಂದು ಗಂಟೆಗಾಗಿ.

ಮೊದಲನೆಯದಾಗಿ, ತುರ್ತುಸ್ಥಿತಿಯನ್ನು ಘೋಷಿಸುವ ಅಧಿಕಾರವನ್ನು ಆ ಹೊತ್ತಿನ ಡ್ಯೂಟಿ ಡಾಕ್ಟರಿಗೆ ಲಿಖಿತವಾಗಿ ಕೊಡಿ. ಆಡಳಿತ ವೈದ್ಯಾಧಿಕಾರಿಯ ಒಪ್ಪಿಗೆಗಾಗಿ ರಾತ್ರಿ ಎರಡು ಗಂಟೆಗೆ ಫೋನ್ ಮಾಡುತ್ತ ಕೂರುವಂತಾದರೆ ಯೋಜನೆ ಇದ್ದೂ ಇಲ್ಲದಂತೆ. ಸಿಬ್ಬಂದಿಯ ಫೋನ್ ನಂಬರುಗಳು ಯಾರದೋ ಮೊಬೈಲಿನಲ್ಲಿರದೆ ಗೋಡೆಯ ಮೇಲಿನ ಹಾಳೆಯಲ್ಲಿರಲಿ.

ಗಾಯಾಳುಗಳನ್ನು ವಿಂಗಡಿಸುವ ಕೆಲಸ ವಾರ್ಡಿನಲ್ಲಿ ಆಗಕೂಡದು, ಪೋರ್ಟಿಕೋದಲ್ಲೇ ಆಗಬೇಕು. ಅಪಘಾತಗಳಲ್ಲಿ ಆಟೊ, ಟೆಂಪೊ ಹಿಡಿದು ಮೊದಲು ತಲುಪುವವರು ಬಹುಮಟ್ಟಿಗೆ ಸಣ್ಣಪುಟ್ಟ ಗಾಯದವರು. ಅವರಿಂದಲೇ ಹಾಸಿಗೆಗಳು ತುಂಬಿದರೆ ಹಿಂದಿನಿಂದ 108ರಲ್ಲಿ ಬರುವ ಜೀವಾಪಾಯದವರಿಗೆ ಜಾಗವಿರುವುದಿಲ್ಲ. ‘ನಡೆಯಬಲ್ಲವರು ಈ ಕಡೆ ಬನ್ನಿ’ ಎಂದು ಕೂಗಿ, ಬಂದವರಿಗೆ ಹಸಿರು ಪಟ್ಟಿ ಕಟ್ಟಿ ಓಪಿಡಿಯತ್ತ ಕಳುಹಿಸಿ. ಉಳಿದವರಲ್ಲಿ ಉಸಿರಾಟ ನಿಮಿಷಕ್ಕೆ 30ನ್ನು ಮೀರಿದವರು, ಮಣಿಕಟ್ಟಿನಲ್ಲಿ ನಾಡಿ ಸಿಗದವರು, ‘ಕೈ ಹಿಚುಕಿ’ ಎಂದರೆ ಹಿಚುಕಲಾರದವರು ಕೆಂಪು, ಅಂದರೆ ತಕ್ಷಣ ನೋಡಬೇಕಾದವರು. ಸ್ವಲ್ಪ ಕಾಯಬಲ್ಲವರು ಹಳದಿ. ಉಸಿರಿನ ದಾರಿ ಬಿಡಿಸಿದ ಮೇಲೂ ಉಸಿರಾಡದವರು ಕಪ್ಪು. ಒಬ್ಬರಿಗೆ ಒಂದು ನಿಮಿಷ ಸಾಕು. ವಿಂಗಡಿಸುವವರು ಅನುಭವಿಯಾಗಿರಬೇಕು, ಮತ್ತು ರಕ್ತಸ್ರಾವ ತಡೆಯುವುದು, ಉಸಿರಿನ ದಾರಿ ಬಿಡಿಸುವುದು ಇವೆರಡನ್ನು ಬಿಟ್ಟು ಬೇರೆ ಚಿಕಿತ್ಸೆಗೆ ಕೈಹಾಕಬಾರದು. ಒಳ್ಳೆಯ ವೈದ್ಯರಿಗೆ ಇದೇ ಅತಿ ಕಷ್ಟದ ನಿಯಮ. ವಿಷಪ್ರಾಶನದಲ್ಲಿ ಹಸಿರು ಪಟ್ಟಿಯವರೂ ಅರ್ಧ ಗಂಟೆಯಲ್ಲಿ ಕೆಂಪಾಗಬಹುದಾದ್ದರಿಂದ ಅವರನ್ನು ಮತ್ತೆ ಮತ್ತೆ ನೋಡುತ್ತಿರಲು ಒಬ್ಬ ಸಿಸ್ಟರನ್ನು ಅಲ್ಲೇ ನಿಲ್ಲಿಸಿ.

ಇನ್ನು ದಾಸ್ತಾನು. ಕೀಟನಾಶಕದ ವಿಷಕ್ಕೆ ಕೊಡುವ ಚುಚ್ಚುಮದ್ದು ‘ಅಟ್ರೋಪಿನ್ ಇದೆ’ ಎಂದು ರಿಜಿಸ್ಟರಿನಲ್ಲಿ ಬರೆದರೆ ಸಾಲದು, ಲೆಕ್ಕ ಹಾಕಿ ನೋಡಬೇಕು. ಸಾಮಾನ್ಯವಾಗಿ ಒಂದು ಆಂಪೂಲಿನಲ್ಲಿ (ಮದ್ದಿನ ಪುಟ್ಟ ಗಾಜಿನ ಸೀಸೆಯಲ್ಲಿ) ಇರುವುದು 0.6 ಮಿಲಿಗ್ರಾಂ. ಆರ್ಗನೋಫಾಸ್ಫೇಟ್ ಎಂಬ ಬಗೆಯ ಕೀಟನಾಶಕ ಸೇವಿಸಿ ಗಂಭೀರವಾಗಿರುವ ವಯಸ್ಕರಿಗೆ 3 ಮಿಲಿಗ್ರಾಮಿನಿಂದ ಆರಂಭಿಸಿ, ಎದೆಯ ಗೊರಗೊರ ನಿಲ್ಲದಿದ್ದರೆ ಐದೈದು ನಿಮಿಷಕ್ಕೆ ಇಮ್ಮಡಿಗೊಳಿಸುತ್ತ ಹೋದರೆ, ಮೂರೇ ಸುತ್ತಿನಲ್ಲಿ 5, 10, 20 ಎಂದು ಒಬ್ಬರಿಗೇ 35 ಆಂಪೂಲು ಖಾಲಿಯಾಗುತ್ತವೆ. ಹತ್ತು ಮಂದಿಗೆ 350. ಆಕ್ಸಿಜನ್ನಿನದೂ ಇದೇ ಕಥೆ: 7,000 ಲೀಟರಿನ ದೊಡ್ಡ ಸಿಲಿಂಡರು ನಿಮಿಷಕ್ಕೆ 10 ಲೀಟರಿನಂತೆ ಒಬ್ಬರಿಗೆ ಹನ್ನೊಂದು ಗಂಟೆಗೂ ಮೀರಿ ಬರುತ್ತದೆ, ಹತ್ತು ಮಂದಿಗಾದರೆ ಒಂದು ಗಂಟೆ ಹತ್ತು ನಿಮಿಷ. ನಿಮ್ಮಲ್ಲಿ ಸಾಲದಿದ್ದರೆ ಯಾವ ನೆರೆ ಆಸ್ಪತ್ರೆಯಿಂದ, ಯಾವ ವಾಹನದಲ್ಲಿ, ಎಷ್ಟು ಹೊತ್ತಿನಲ್ಲಿ ಬರುತ್ತದೆಂಬುದನ್ನು ಈಗಲೇ ಮಾತಾಡಿಟ್ಟುಕೊಳ್ಳಿ. ವಿಷ ಸೋಂಕಿದ ಬಟ್ಟೆ ಬಿಚ್ಚಿಸಿ ಮೈ ತೊಳೆಸಲು ಹೊರಗೊಂದು ನಲ್ಲಿ, ಸಾಬೂನು, ಮರೆ ಮಾಡುವ ಪರದೆ, ಸಿಬ್ಬಂದಿಗೆ ಕೈಗವಸು ಇರಲಿ.

ಹೆಸರು ತಿಳಿಯದಿದ್ದರೂ ಪ್ರತಿಯೊಬ್ಬರ ಮಣಿಕಟ್ಟಿಗೆ ಕ್ರಮಸಂಖ್ಯೆ ಕಟ್ಟಿ, ರೆಫರ್ ಮಾಡಿದಾಗ ಎಲ್ಲಿಗೆ ಹೋದರೆಂದು ಅದೇ ಸಂಖ್ಯೆಯ ಎದುರು ಬರೆಯಿರಿ. ಎಲ್ಲರನ್ನೂ ಒಂದೇ ಆಸ್ಪತ್ರೆಗೆ ಕಳುಹಿಸಿದರೆ ನಮ್ಮ ನೂಕುನುಗ್ಗಲನ್ನೇ ಅಲ್ಲಿಗೆ ಸಾಗಿಸಿದಂತಾಗುತ್ತದೆ; ಮೊದಲು ಫೋನ್ ಮಾಡಿ ವೆಂಟಿಲೇಟರ್ ಎಷ್ಟು ಖಾಲಿ ಇವೆಯೆಂದು ಕೇಳಿ. ಸಂಬಂಧಿಕರಿಗಾಗಿ ಗೇಟಿನ ಹೊರಗೆ ಒಂದು ಮೇಜು, ಪಟ್ಟಿ ಹಿಡಿದ ಒಬ್ಬ ನೌಕರ ಇದ್ದರೆ ಒಳಗಿನ ಗದ್ದಲ ಎಷ್ಟೋ ತಗ್ಗುತ್ತದೆ.

ಅಣಕು ಪ್ರದರ್ಶನವನ್ನು ಅಧಿಕಾರಿಗಳು ಬರುವ ಬೆಳಗಿನ ಹನ್ನೊಂದಕ್ಕೆ ಮಾಡದೆ ರಾತ್ರಿ ಪಾಳಿಯಲ್ಲಿ, ಮುನ್ಸೂಚನೆಯಿಲ್ಲದೆ ಮಾಡಿ. ಗಡಿಯಾರ ನೋಡಿಕೊಂಡು ಮೂರನ್ನು ಬರೆದುಕೊಳ್ಳಿ: ಮೊದಲ ಕೆಂಪು ಪಟ್ಟಿ ಕಟ್ಟಿದ್ದು ಎಷ್ಟು ನಿಮಿಷಕ್ಕೆ, ಕರೆದವರಲ್ಲಿ ಅರ್ಧ ಗಂಟೆಯೊಳಗೆ ಬಂದವರೆಷ್ಟು, ಔಷಧ ಉಗ್ರಾಣದ ಬೀಗದ ಕೈ ಯಾರ ಮನೆಯಲ್ಲಿತ್ತು.