ಎಕ್ಸೆಲ್‌ನಲ್ಲಿ ತೊಟ್ಟಿ ನೀರಿನ ಸಮೀಕರಣ ಸರಿಮಾಡಿದ್ದು

ತಿಕೋಟಾ ಕಡೆಯ ದ್ರಾಕ್ಷಿ ತೋಟ, ನೆಟ್ಟನೆ ಗೋಡೆಯ ಸಿಮೆಂಟ್ ತೊಟ್ಟಿ, ದಿನಾ ಅಷ್ಟೇ ಹೊತ್ತು ಡ್ರಿಪ್. ನೀರು ಎಂದಿನವರೆಗೆ ಬಂದೀತು ಎಂದು ನೋಡಲು ತಾರೀಖು, ಮಟ್ಟ (ಸೆಂ.ಮೀ.) ತುಂಬಿ ಚಾರ್ಟ್‌ನಲ್ಲಿ ಟ್ರೆಂಡ್‌ಲೈನ್ (ಬಿಂದುಗಳಿಗೆ ಹೊಂದುವ ಗೆರೆ) ಎಳೆದೆ. ಗೆರೆ ಬಿಂದುಗಳ ಮೇಲೇ ಕೂತಿತ್ತು. ಸಮೀಕರಣದ ಸ್ಥಿರಾಂಕ ಮಾತ್ರ ಒಂದೂವರೆ ಲಕ್ಷ ದಾಟಿತ್ತು. ತಾರೀಖು ಹಾಕಿ ಲೆಕ್ಕ ಮಾಡಿದರೆ ಮಟ್ಟ ಮೀಟರುಗಟ್ಟಲೆ ತಪ್ಪು.

ತಾರೀಖಿನ ಫಾರ್ಮ್ಯಾಟ್ ಬದಲಿಸಿದರೂ, ಇನ್ನಷ್ಟು ಅಳತೆ ಸೇರಿಸಿದರೂ ಅದೇ ಕಥೆ. ಇಂಟರ್‌ಸೆಪ್ಟ್ (ಅದೇ ಸ್ಥಿರಾಂಕ) ಸೊನ್ನೆ ಮಾಡಿದರೆ ಗೆರೆಯೇ ಕೆಟ್ಟಿತು.

ಕಾರಣ ಇಷ್ಟು: ಎಕ್ಸೆಲ್ ತಾರೀಖನ್ನು 1900ರ ಜನವರಿ 1ರಿಂದ ಎಣಿಸುತ್ತದೆ. 2025ರ ಮಾರ್ಚ್ 1 ಅದಕ್ಕೆ 45717. ಚಾರ್ಟಿನ ಸಮೀಕರಣದ ಲೇಬಲ್ಲಿನಲ್ಲಿ ಇಳಿಜಾರು (ಸ್ಲೋಪ್, ದಿನಕ್ಕೆ ಮಟ್ಟ ಬದಲಾಗುವ ಪ್ರಮಾಣ) ದುಂಡಂಕಿಯಾಗಿ ಕಾಣುತ್ತದೆ, ಅಲ್ಲಿ 0.005 ತಪ್ಪಿದರೂ 45717ರಿಂದ ಗುಣಿಸಿದಾಗ ಸುಮಾರು 229 ಸೆಂ.ಮೀ. ಆಗುತ್ತದೆ.

ಕೊನೆಗೆ ಕೆಲಸ ಕೊಟ್ಟ ಕ್ರಮ: ಎ ಕಾಲಂನಲ್ಲಿ ತಾರೀಖು, ಬಿಯಲ್ಲಿ ಮಟ್ಟ. ಸಿ2ರಲ್ಲಿ ಎ2ರಿಂದ ಎ2ನ್ನೇ ಕಳೆಯಿರಿ. ಎರಡನೆಯ ಎ2 ಮೇಲೆ ಎಫ್4 ಒತ್ತಿ ಡಾಲರ್ ಚಿಹ್ನೆ ಬರಿಸಿ, ಕೆಳಗೆ ಎಳೆಯಿರಿ. ಸಿ ಕಾಲಂ ಮತ್ತೆ ತಾರೀಖು ತೋರಿಸಿದರೆ ಫಾರ್ಮ್ಯಾಟ್ 'ಜನರಲ್' ಮಾಡಿ. ಮೊದಲ ದಿನ 0 ಬರಬೇಕು. ಲೇಬಲ್ ನಂಬಬೇಡಿ, ಸ್ಲೋಪ್ ಮತ್ತು ಇಂಟರ್‌ಸೆಪ್ಟ್ ಫಂಕ್ಷನ್ ಬಳಸಿ. ಎರಡರಲ್ಲೂ ಮೊದಲು ಬಿ, ಆಮೇಲೆ ಸಿ. ಅದಲು ಬದಲಾದರೆ ಎಕ್ಸೆಲ್ ತಕರಾರಿಲ್ಲದೆ ತಪ್ಪು ಉತ್ತರ ಕೊಡುತ್ತದೆ.

ನನಗೆ ಬಂದದ್ದು: ಮಟ್ಟ = 300 − 3.6 × ದಿನ. ಫುಟ್‌ವಾಲ್ವ್ (ಪಂಪು ನೀರೆಳೆಯುವ ಪೈಪಿನ ಬಾಯಿ) ತಳದಿಂದ 40 ಸೆಂ.ಮೀ. ಮೇಲಿದೆ, ಆದ್ದರಿಂದ ಸೊನ್ನೆಗಲ್ಲ, 40ಕ್ಕೆ ಲೆಕ್ಕ ಹಿಡಿಯಬೇಕು. 260 ÷ 3.6, ಅಂದರೆ ಮಾರ್ಚ್ 1 ಸೊನ್ನೆ ದಿನವಾದರೆ 72ನೇ ದಿನ, ಮೇ 12.

ಇಳಿಜಾರು ದಂಡೆಯ ಕೃಷಿ ಹೊಂಡಕ್ಕೆ ಇದು ನಡೆಯದು. ಕೆಳಗೆ ಹೋದಂತೆ ಹೊಂಡ ಕಿರಿದಾಗಿ ಮಟ್ಟ ಬೇಗ ಇಳಿಯುತ್ತದೆ. ಅಲ್ಲಿ ಬಿ ಕಾಲಂನಲ್ಲಿ ಆಳದ ಬದಲು ಲೀಟರ್ ಹಾಕಿ.