ತೋಟದ ನಕ್ಷೆ ಕ್ಯಾಡ್‌ನಲ್ಲಿ: ಮೊದಲು ಲೆವೆಲ್, ಆಮೇಲೆ ಗಿಡ

ಮಂಗಳೂರು, ಉಡುಪಿ ಕಡೆ ಮನೆಯಂಗಳ, ಶಾಲೆ, ರೆಸಾರ್ಟ್‌ಗಳಿಗೆ ತೋಟದ ವಿನ್ಯಾಸ ಮಾಡಿಕೊಡುವ ಕಚೇರಿಗಳಲ್ಲಿ ಹೆಚ್ಚೆಂದರೆ ಇಬ್ಬರು ಮೂವರು ಇರುತ್ತಾರೆ. ನಕ್ಷೆ ಬಿಡಿಸುವವರೇ ನರ್ಸರಿಗೂ ಹೋಗಬೇಕು, ಸೈಟಿನಲ್ಲಿ ಮೇಸ್ತ್ರಿಗೂ ಉತ್ತರ ಹೇಳಬೇಕು. ಹಾಗಾಗಿ ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರ್‌ನಲ್ಲಿ ನಕ್ಷೆ ಬಿಡಿಸುವ ತಂತ್ರಾಂಶದಲ್ಲಿ, ಒಮ್ಮೆ ಬಿಡಿಸಿದ ನಕ್ಷೆಯಿಂದಲೇ ಅಳತೆ, ಗಿಡಗಳ ಪಟ್ಟಿ, ಚರಂಡಿಯ ಆಳ ಎಲ್ಲವೂ ಹೊರಬರುವಂತೆ ಫೈಲನ್ನು ಕಟ್ಟಿಕೊಳ್ಳಬೇಕು. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವ ಊರಿದು. ಗಿಡದ ಚಿತ್ರ ಎಷ್ಟೇ ಚೆಂದವಿದ್ದರೂ ನೀರು ಹೋಗುವ ದಾರಿ ತಪ್ಪಿದರೆ ಮೊದಲ ಮಳೆಗಾಲದಲ್ಲೇ ಮಣ್ಣೂ ಗಿಡವೂ ರಸ್ತೆಗೆ ಬರುತ್ತವೆ.

ಕೆಳಗಿನ ಆಜ್ಞೆಗಳ ಹೆಸರು ಆಟೋಕ್ಯಾಡ್‌ನವು. ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯೂಕ್ಯಾಡ್‌ಗಳಲ್ಲಿಯೂ ಹೆಚ್ಚಿನವು ಹಾಗೆಯೇ ಇವೆ. ಲಿಬ್ರೆಕ್ಯಾಡ್ ಉಚಿತ, ಆದರೆ ಅದು ಡಿಎಕ್ಸ್‌ಎಫ್ ಆಗಿ ಉಳಿಸುತ್ತದೆ, ಆಟೋಕ್ಯಾಡ್‌ನ ಸ್ವಂತ ಫೈಲ್ ಮಾದರಿಯಾದ ಡಿಡಬ್ಲ್ಯೂಜಿ ಆಗಿ ಅಲ್ಲ. ಆರ್ಕಿಟೆಕ್ಟ್ ಜತೆ ದಿನವೂ ಫೈಲ್ ಕೊಟ್ಟು ತೆಗೆದುಕೊಳ್ಳುವವರಿಗೆ ಇದು ತೊಡಕು.

ಸರ್ವೆ ಫೈಲ್ ಬಂದ ಕೂಡಲೇ

ಟೋಟಲ್ ಸ್ಟೇಷನ್ (ದೂರ, ಕೋನ ಎರಡನ್ನೂ ಅಳೆಯುವ ಉಪಕರಣ) ಸರ್ವೆಗೆ ಹೇಳುವಾಗಲೇ ಏನೇನು ಬೇಕೆಂದು ಬರೆದು ಕೊಡಿ: ಗಡಿಯ ಮೂಲೆಗಳು, ಉಳಿಸುವ ಪ್ರತಿ ಮರದ ಬುಡ ಮತ್ತು ಕಾಂಡದ ಸುತ್ತಳತೆ, ಬಾವಿಕಟ್ಟೆ, ಗೇಟಿನ ಬಳಿ ರಸ್ತೆಯ ಲೆವೆಲ್ (ಎತ್ತರ), ರಸ್ತೆ ಚರಂಡಿಯ ತಳದ ಲೆವೆಲ್. ಕೊನೆಯದನ್ನು ಕೇಳದಿದ್ದರೆ ಯಾರೂ ಅಳೆದು ತರುವುದಿಲ್ಲ. ನಿಮ್ಮ ಚರಂಡಿಯ ತಳಕ್ಕಿಂತ ರಸ್ತೆ ಚರಂಡಿಯ ತಳ ಮೇಲಿದ್ದರೆ ನೀರು ಹಿಂದಕ್ಕೆ ಬರುತ್ತದೆ ಎಂಬುದು ಆಮೇಲೆ, ಕಲ್ಲು ಕಟ್ಟಿ ಮುಗಿದ ಮೇಲೆ ಗೊತ್ತಾಗುತ್ತದೆ.

ಫೈಲ್ ಬಂದಾಗ ಅದರ ಮೇಲೆಯೇ ಬಿಡಿಸಲು ಹೋಗಬೇಡಿ. ಸರ್ವೆ ಒಂದು ಫೈಲ್, ಕಟ್ಟಡ ಇನ್ನೊಂದು, ನಿಮ್ಮದು ಮೂರನೆಯದು. ಮೊದಲೆರಡನ್ನು ನಿಮ್ಮದರೊಳಗೆ ಎಕ್ಸ್‌ರೆಫ್ ಆಗಿ, ಅಂದರೆ ನಕಲು ಮಾಡದೆ ಕೊಂಡಿಯಾಗಿ ತನ್ನಿ. ಓವರ್‌ಲೇ ಆಯ್ಕೆ ಇರಲಿ (ನಿಮ್ಮ ಫೈಲನ್ನು ಬೇರೆಯವರು ಜೋಡಿಸಿಕೊಂಡಾಗ ಇವು ಜತೆಗೆ ಹೋಗುವುದಿಲ್ಲ), ದಾರಿ ರಿಲೇಟಿವ್ ಇರಲಿ (ಇಡೀ ಫೋಲ್ಡರ್ ಬೇರೆಡೆಗೆ ಹೋದರೂ ಕೊಂಡಿ ತಪ್ಪುವುದಿಲ್ಲ). ಆರ್ಕಿಟೆಕ್ಟ್ ಕಾರ್ ಪೋರ್ಚ್ ಒಂದು ಮೀಟರ್ ಮುಂದೆ ತಂದರೆ ಹೊಸ ಫೈಲನ್ನು ಅದೇ ಹೆಸರಿನಲ್ಲಿ ಫೋಲ್ಡರ್‌ಗೆ ಹಾಕಿದರಾಯಿತು, ನಿಮ್ಮ ಗೆರೆಗಳಿಗೆ ಏನೂ ಆಗುವುದಿಲ್ಲ.

ಎಡವುವುದು ಯೂನಿಟ್‌ನಲ್ಲಿ. ಸರ್ವೆ ಮೀಟರ್‌ನಲ್ಲಿರುತ್ತದೆ, ಕಟ್ಟಡದ ನಕ್ಷೆ ಮಿಲಿಮೀಟರ್‌ನಲ್ಲಿ ಅಥವಾ ಅಡಿ-ಇಂಚಿನಲ್ಲಿ. ಪ್ರತಿ ಫೈಲಿನಲ್ಲೂ ಯೂನಿಟ್ಸ್ ತೆರೆದು ಸರಿಯಾದುದನ್ನು ಹಾಕಿದ ಮೇಲೆಯೇ ಜೋಡಿಸಿ. ಪರೀಕ್ಷೆ ಸುಲಭ: ಗಡಿಯನ್ನು ಮುಚ್ಚಿದ ಪಾಲಿಲೈನ್ (ತುಂಡುಗಳು ಸೇರಿ ಒಂದೇ ಆದ ಗೆರೆ) ಮಾಡಿ ಏರಿಯಾ ಕೇಳಿ. ಒಂದು ಸೆಂಟ್ಸ್ ಎಂದರೆ 40.47 ಚದರ ಮೀಟರ್; 20 ಸೆಂಟ್ಸ್ ಜಾಗಕ್ಕೆ 809 ಆಸುಪಾಸು ಬರಬೇಕು. 80 ಕೋಟಿ ಬಂದರೆ ಅದು ಮಿಲಿಮೀಟರ್ ಫೈಲ್. ದಾಖಲೆಯಲ್ಲಿರುವ ವಿಸ್ತೀರ್ಣಕ್ಕೂ ಇದಕ್ಕೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಮಾಲೀಕರಿಗೆ ತಿಳಿಸಿ.

ಇನ್ನೊಂದು ಕಾಟ, ಹ್ಯಾಚ್ (ಒಂದು ಜಾಗವನ್ನು ತುಂಬುವ ವಿನ್ಯಾಸ) ತುಂಬದಿರುವುದು, ಜೂಮ್ ಮಾಡಿದಾಗ ಗೆರೆ ನಡುಗುವುದು. ಸರ್ವೆ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರ್‌ನಲ್ಲಿ ಹೇಳುವ ಕ್ರಮ) ನಿರ್ದೇಶಾಂಕದಲ್ಲಿದ್ದಾಗ ಹೀಗಾಗುತ್ತದೆ. ನಮ್ಮ ಕರಾವಳಿ 43ನೇ ವಲಯದ ಉತ್ತರ ಭಾಗದಲ್ಲಿದೆ. ಮಂಗಳೂರಿನಲ್ಲಿ ಉತ್ತರ ದಿಕ್ಕಿನ ಅಂಕಿ 14 ಲಕ್ಷ ಮೀಟರ್ ದಾಟುತ್ತದೆ, ಮಿಲಿಮೀಟರ್‌ನಲ್ಲಿ 140 ಕೋಟಿ. ಸೊನ್ನೆಯಿಂದ ಅಷ್ಟು ದೂರದಲ್ಲಿ ಸಣ್ಣ ಅಳತೆಗಳ ನಿಖರತೆ ಕೆಡುತ್ತದೆ. ಸರ್ವೆಯ ಒಂದು ಪ್ರತಿಯಲ್ಲಿ ಗಡಿಯ ಒಂದು ಮೂಲೆಯನ್ನು ಸೊನ್ನೆಗೆ ತನ್ನಿ, ಎಷ್ಟು ಸರಿಸಿದ್ದೀರೆಂದು ಹಾಳೆಯ ಮೇಲೆಯೇ ಬರೆದಿಡಿ, ಆರ್ಕಿಟೆಕ್ಟ್‌ಗೂ ಅದೇ ಮೂಲೆಯನ್ನು ಹೇಳಿ.

ಒಂದೊಂದು ಬಗೆಯ ಗೆರೆಗಳನ್ನು ಬೇರೆ ಬೇರೆ ಇಡುವ ಪದರ, ಅಂದರೆ ಲೇಯರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಪ್ಪತ್ತು ಸಾಕು, ಟೆಂಪ್ಲೇಟ್‌ನಲ್ಲಿ ಒಮ್ಮೆ ಮಾಡಿಟ್ಟರೆ ಆಯಿತು. ಡೆಫ್‌ಪಾಯಿಂಟ್ಸ್ ಲೇಯರ್‌ನಲ್ಲಿ ಮಾತ್ರ ಏನನ್ನೂ ಬಿಡಿಸಬೇಡಿ. ತೆರೆಯ ಮೇಲೆ ಕಾಣುತ್ತದೆ, ಪ್ರಿಂಟ್‌ನಲ್ಲಿ ಬರುವುದಿಲ್ಲ.

ನೀರಿಗೆ ದಾರಿ

ಕದ್ರಿ, ಮಣಿಪಾಲದಂಥ ಮುರಕಲ್ಲಿನ ಗುಡ್ಡಗಳಲ್ಲಿ ಅರ್ಧ ಮೀಟರ್ ಅಂತರದ ಕಾಂಟೂರ್ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಸಾಕು. ಮಲ್ಪೆ, ಸುರತ್ಕಲ್ ಬದಿಯ ಸಮತಟ್ಟು ಮರಳು ನೆಲಕ್ಕೆ ಕಾಲು ಮೀಟರ್ ಬೇಕು, ಇಲ್ಲದಿದ್ದರೆ ಇಡೀ ಜಾಗದಲ್ಲಿ ಎರಡೇ ಗೆರೆ ಬಂದು ಏನೂ ತಿಳಿಯದು. ಈಗಿರುವ ಕಾಂಟೂರ್ ತುಂಡು ಗೆರೆ, ನೀವು ಮಾಡುವುದು ಅಖಂಡ ಗೆರೆ, ಎರಡಕ್ಕೂ ಬೇರೆ ಲೇಯರ್. ಪ್ರತಿ ಪಾಲಿಲೈನಿನ ಎಲಿವೇಷನ್ ಜಾಗದಲ್ಲಿ ಅದರ ಎತ್ತರ ತುಂಬಿ.

ಆಮೇಲೆ ಮನೆಯ ಮೆಟ್ಟಿಲ ಬುಡದಿಂದ ಗೇಟಿನವರೆಗೆ ಲೆಕ್ಕ ಹಾಕುತ್ತ ಬನ್ನಿ. ಮೆಟ್ಟಿಲ ಬುಡದ ಲೆವೆಲ್ 100.45 ಮೀಟರ್, ಗೇಟಿನ ಬಳಿ ಚರಂಡಿಯ ಅಂಚು 100.00, ನಡುವೆ 30 ಮೀಟರ್. ಇಳಿಜಾರು ಶೇ 1.5. ಇಂಟರ್‌ಲಾಕ್ ಅಂಗಳಕ್ಕೆ ಇದು ಸರಿ. ಶೇ 1ಕ್ಕಿಂತ ಕಡಿಮೆಯಾದರೆ ಅಲ್ಲಲ್ಲಿ ನೀರು ನಿಂತು ಪಾಚಿ ಕಟ್ಟಿ ಜಾರುತ್ತದೆ. ಗಾಲಿಕುರ್ಚಿಯ ದಾರಿ 1:12ಕ್ಕಿಂತ ಕಡಿದಾಗಬಾರದು.

ಚರಂಡಿಯ ಅಳತೆಗೂ ಲೆಕ್ಕವಿದೆ. ಮಾಡು ಮತ್ತು ಅಂಗಳ ಸೇರಿ 500 ಚದರ ಮೀಟರ್, ಗಂಟೆಗೆ 100 ಮಿ.ಮೀ. ಮಳೆ, ಅದರಲ್ಲಿ ಶೇ 90 ಹರಿದು ಬರುತ್ತದೆ ಎಂದಿಟ್ಟುಕೊಂಡರೆ ಸೆಕೆಂಡಿಗೆ 12.5 ಲೀಟರ್. 300 ಮಿ.ಮೀ. ಅಗಲ, 300 ಮಿ.ಮೀ. ಆಳದ ಚರಂಡಿ 1:200 ಇಳಿಜಾರಿನಲ್ಲಿ ಅರ್ಧ ತುಂಬಿ ಹರಿದರೂ ಇದನ್ನು ಒಯ್ಯುತ್ತದೆ. ಹಾಗೆಂದು ಅಗಲ ಕಿರಿದು ಮಾಡಬೇಡಿ. ಹಲಸು, ಮಾವಿನ ಎಲೆ ಬಿದ್ದು ಕಟ್ಟಿಕೊಂಡರೆ ಒಳಗೆ ಗುದ್ದಲಿ ಇಳಿಯಬೇಕು. 24 ಮೀಟರ್ ಉದ್ದಕ್ಕೆ ತಳ 120 ಮಿ.ಮೀ. ಇಳಿಯುತ್ತದೆ, ಆರಂಭ ಮತ್ತು ಕೊನೆಯ ತಳದ ಲೆವೆಲ್ ಎರಡನ್ನೂ ನಕ್ಷೆಯಲ್ಲಿ ಬರೆಯಿರಿ.

ಉಳಿಸುವ ಮರಕ್ಕೆ ಅದರ ನಿಜವಾದ ಕೊಂಬೆಗಳ ಹರವಿನಷ್ಟು ವೃತ್ತ ಬಿಡಿಸಿ. ಹೊಸ ಕಾಂಟೂರ್ ಆ ವೃತ್ತದೊಳಗೆ ನುಗ್ಗಿದರೆ ಗೆರೆಯನ್ನೇ ಸರಿಸಿ. ಬುಡದ ಸುತ್ತ ಮಣ್ಣು ಏರಿಸಿದರೆ ಬೇರಿಗೆ ಗಾಳಿಯಾಡದೆ ಮರ ಸೊರಗುತ್ತದೆ, ಅದು ಕಣ್ಣಿಗೆ ಬೀಳುವುದು ಕೆಲವು ವರ್ಷಗಳ ಮೇಲೆ.

ಗಿಡ ಎಣಿಸುವುದು ನಕ್ಷೆಯ ಕೆಲಸ

ಒಂದು ಜಾತಿಗೆ ಒಂದು ಬ್ಲಾಕ್, ಅಂದರೆ ಒಮ್ಮೆ ಬಿಡಿಸಿ ಬೇಕಾದಲ್ಲೆಲ್ಲ ಇಡಬಹುದಾದ ಚಿಹ್ನೆ. ರೆಂಜೆ, ಸುರಗಿ, ಹೊಳೆದಾಸವಾಳ, ಪುನರ್ಪುಳಿ, ಯಾವುದೇ ಇರಲಿ, ಬಲಿತಾಗಿನ ಹರವಿನ ವೃತ್ತ, ನಡುವೆ ಕಾಂಡದ ಜಾಗಕ್ಕೆ ಅಡ್ಡಗುರುತು. ಬ್ಲಾಕನ್ನು ಸೊನ್ನೆ ಲೇಯರ್‌ನಲ್ಲಿ ಮಾಡಿ. ಅಟ್ರಿಬ್ಯೂಟ್ (ಬ್ಲಾಕ್‌ಗೆ ಅಂಟಿಸಿದ ಮಾಹಿತಿ) ಆಗಿ ಸಂಕೇತ, ಸಸ್ಯಶಾಸ್ತ್ರೀಯ ಹೆಸರು, ಊರಿನ ಹೆಸರು, ನೆಡುವಾಗಿನ ಎತ್ತರ, ಚೀಲದ ಅಳತೆ ಸೇರಿಸಿ. ನರ್ಸರಿಯವರಿಗೆ ಸಸ್ಯಶಾಸ್ತ್ರೀಯ ಹೆಸರು ಇಲ್ಲದೆ ಕೊಟ್ಟ ಪಟ್ಟಿ ಅಪಾಯ. ‘ಅಶೋಕ’ ಎಂದಷ್ಟೇ ಬರೆದರೆ ಕೇಸರಿ ಹೂವಿನ ಸೀತಾಶೋಕದ ಬದಲು ಕಂಬದಂತೆ ಬೆಳೆಯುವ ಪಾಲಿಯಾಲ್ತಿಯಾ ಬಂದಿಳಿಯುತ್ತದೆ. ತೆಂಗಿಗೆ 7.5 ಮೀಟರ್ ವ್ಯಾಸದ ವೃತ್ತ ಹಾಕಿ, ಅದರ ಕೆಳಗೆ ಕಾರು ನಿಲ್ಲುವ ಜಾಗ ಬಾರದಂತೆ ನೋಡಿಕೊಳ್ಳಿ.

ಮರಗಳನ್ನು ಕೌಂಟ್ ಆಜ್ಞೆ ಎಣಿಸಿಕೊಡುತ್ತದೆ, ಒಂದರ ಮೇಲೊಂದು ಬಿದ್ದಿರುವ ಬ್ಲಾಕ್‌ಗಳನ್ನೂ ತೋರಿಸುತ್ತದೆ. ಅಟ್ರಿಬ್ಯೂಟ್ ಸಮೇತ ಪಟ್ಟಿ ಬೇಕಾದರೆ ಡೇಟಾ ಎಕ್ಸ್‌ಟ್ರಾಕ್ಷನ್ ಮೂಲಕ ಎಕ್ಸೆಲ್‌ಗೆ ತೆಗೆಯಿರಿ. ಅಗ್ಗದ ಎಲ್‌ಟಿ ಆವೃತ್ತಿಯಲ್ಲಿ ಈ ಸೌಲಭ್ಯ ಇಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಿ.

ಪೊದೆಗಿಡಗಳಿಗೆ ಒಂದೊಂದಾಗಿ ಬ್ಲಾಕ್ ಹಾಕಿದರೆ ಫೈಲ್ ಭಾರವಾಗುತ್ತದೆ. ಪಾತಿಯ ಗಡಿ ಬಿಡಿಸಿ, ಹ್ಯಾಚ್ ಮಾಡಿ, ವಿಸ್ತೀರ್ಣದಿಂದ ಲೆಕ್ಕ ಹಾಕಿ. ಕೇಪಳವನ್ನು 45 ಸೆಂ.ಮೀ. ಅಂತರದಲ್ಲಿ ಚೌಕ ಸಾಲಿಗೆ ನೆಟ್ಟರೆ ಚದರ ಮೀಟರಿಗೆ 4.94 ಗಿಡ, ಸಾಲು ಬಿಟ್ಟು ಸಾಲಿಗೆ ಅರ್ಧ ಸರಿಸಿ ತ್ರಿಕೋನದಲ್ಲಿ ನೆಟ್ಟರೆ 5.70. ಪಾತಿ 36 ಚದರ ಮೀಟರ್ ಇದ್ದರೆ ಮೊದಲನೆಯದಕ್ಕೆ 178, ಎರಡನೆಯದಕ್ಕೆ 205. ತೋಟದ ಕೆಲಸದವರು ಯಾವ ಕ್ರಮದಲ್ಲಿ ನೆಡುತ್ತಾರೆ ಎಂಬುದು ನಕ್ಷೆಯಲ್ಲಿ ಇಲ್ಲದಿದ್ದರೆ ಒಂದೇ ಪಾತಿಯಲ್ಲಿ 27 ಗಿಡ ಹೆಚ್ಚು ಕಡಿಮೆ. ಸಾಯುವ ಗಿಡಗಳಿಗೆಂದು ಶೇ 5ರಿಂದ 10 ಸೇರಿಸಿ. ಹ್ಯಾಚ್ ವಿಸ್ತೀರ್ಣ ತೋರಿಸದಿದ್ದರೆ ಗಡಿಗೆರೆ ತನ್ನನ್ನೇ ಎಲ್ಲೋ ದಾಟಿದೆ. ಆ ಮೂಲೆಯನ್ನು ಹುಡುಕಿ ಸರಿಪಡಿಸಿ.

ಹಾಳೆ ಸೈಟಿಗೆ ಹೋಗುವಾಗ

ಬಿಡಿಸುವುದೆಲ್ಲ ಮಾಡೆಲ್ ಎಂಬ ಪುಟದಲ್ಲಿ ನಿಜ ಅಳತೆಗೆ, ಪ್ರಿಂಟ್‌ಗೆ ಹಾಳೆ ಮಾಡುವುದು ಲೇಔಟ್ ಎಂಬ ಪುಟದಲ್ಲಿ. ಮಾಡೆಲ್ ಮೀಟರ್‌ನಲ್ಲಿ, ಹಾಳೆ ಮಿಲಿಮೀಟರ್‌ನಲ್ಲಿ ಇದ್ದರೆ 1:100ಕ್ಕೆ ಜೂಮ್ 10ಎಕ್ಸ್‌ಪಿ, 1:200ಕ್ಕೆ 5ಎಕ್ಸ್‌ಪಿ ಕೊಡಬೇಕು (10ಎಕ್ಸ್‌ಪಿ ಎಂದರೆ ಮಾಡೆಲ್‌ನ ಒಂದು ಯೂನಿಟ್‌ಗೆ ಹಾಳೆಯಲ್ಲಿ ಹತ್ತು). ಪಟ್ಟಿಯಲ್ಲಿರುವ 1:100 ಒತ್ತಿದರೆ ಇಡೀ ತೋಟ ಚುಕ್ಕೆಯಾಗುತ್ತದೆ. ಸ್ಕೇಲ್ ಕೂತ ಮೇಲೆ ವ್ಯೂಪೋರ್ಟ್‌ಗೆ (ಹಾಳೆಯಲ್ಲಿ ಮಾಡೆಲ್ ಕಾಣುವ ಕಿಟಕಿಗೆ) ಬೀಗ ಹಾಕಿ. ಸೈಟಿಗೆ ಹೋಗುವುದು ಕೊನೆಗೆ ಕುಗ್ಗಿಸಿದ ಎ3 ಝೆರಾಕ್ಸ್, ಆದ್ದರಿಂದ ಅಳತೆಪಟ್ಟಿಯ ಚಿತ್ರ ಹಾಳೆಯಲ್ಲಿ ಇರಲೇಬೇಕು.

ಗುರುತು ಹಾಕುವ ಹಾಳೆಯನ್ನು ಬೇರೆಯೇ ಮಾಡಿ. ಕೆಲಸದವರ ಕೈಯಲ್ಲಿರುವುದು ಟೇಪು ಮತ್ತು ನೀರು ತುಂಬಿದ ಲೆವೆಲ್ ಪೈಪು. ಪ್ರತಿ ಮರಕ್ಕೂ ಕಂಪೌಂಡಿನ ಎರಡು ಮೂಲೆಗಳಿಂದ ದೂರ ಕೊಡಿ. ಲೆವೆಲ್‌ಗಳನ್ನು ಮನೆಯ ತಳಪಾಯದ ಅಂಚಿನಿಂದ ಇಷ್ಟು ಕೆಳಗೆ ಎಂದು ಬರೆಯಿರಿ. ಈ ಹಾಳೆ ಕನ್ನಡದಲ್ಲಿರಲಿ. ಆಟೋಕ್ಯಾಡ್‌ನದೇ ಆದ ಎಸ್‌ಎಚ್‌ಎಕ್ಸ್ ಫಾಂಟ್‌ನಲ್ಲಿ ಕನ್ನಡ ಟೈಪ್ ಮಾಡಿದರೆ ಪ್ರಶ್ನೆಚಿಹ್ನೆಗಳು ಬರುತ್ತವೆ. ತುಂಗಾ ಅಥವಾ ನಿರ್ಮಲಾದಂಥ ಯುನಿಕೋಡ್ ಫಾಂಟ್ ಹಾಕಿ, ‘ಚರಂಡಿಯ ಇಳಿಜಾರು ಪೂರ್ವಕ್ಕೆ’ ಎಂಬಂಥ ಒಂದು ಸಾಲು ಬರೆದು ಪಿಡಿಎಫ್ ತೆಗೆದು, ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಕೂತಿವೆಯೇ ನೋಡಿ, ಆಮೇಲೆ ಮುಂದುವರಿಯಿರಿ.

ಫೈಲ್ ಕಳುಹಿಸುವ ಮೊದಲು ಆಡಿಟ್ (ಫೈಲಿನ ದೋಷ ಸರಿಪಡಿಸಲು), ಪರ್ಜ್ (ಬಳಸದ್ದನ್ನು ತೆಗೆಯಲು) ಎರಡನ್ನೂ ಮಾಡಿ, ಇಟ್ರಾನ್ಸ್‌ಮಿಟ್‌ನಿಂದ ಎಕ್ಸ್‌ರೆಫ್ ಮತ್ತು ಫಾಂಟ್‌ಗಳನ್ನು ಒಟ್ಟಿಗೆ ಕಟ್ಟಿ ಕಳುಹಿಸಿ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಮಾಮೂಲು. ಯುಪಿಎಸ್ ಇರಲಿ, ಆಟೋಸೇವ್ 10 ನಿಮಿಷಕ್ಕಿರಲಿ. ಜುಲೈಯಲ್ಲಿ ಒಂದು ಜೋರು ಮಳೆಯ ಮರುದಿನ ನಕ್ಷೆಯ ಪ್ರಿಂಟ್ ಹಿಡಿದು ಸೈಟಿಗೆ ಹೋಗಿ, ನೀರು ನಿಂತಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿ ತಂದು, ಅದೇ ಫೈಲಿನಲ್ಲಿ ಪ್ರತ್ಯೇಕ ಲೇಯರ್ ಮಾಡಿ ದಿನಾಂಕ ಸಹಿತ ಏರಿಸಿಬಿಡಿ.