ಹಳೇ ಪಿಕಪ್ ಹೆಡ್‌ಲೈಟ್ ಮಂಕಾಗಿದ್ಯಾ? ಬಲ್ಬ್ ತರೋ ಮುಂಚೆ ವೈರ್ ನೋಡಿ

ಬೊಲೆರೊ ಪಿಕಪ್ಪೋ ಕ್ಯಾಂಪರ್ರೋ ಹತ್ತು ಹನ್ನೆರಡು ವರ್ಷ ಓಡಿದ್ಮೇಲೆ ಹೆಡ್‌ಲೈಟ್ ಮಂಕಾಗೋದು ಮಾಮೂಲಿ, ಆಮೇಲೆ ಎಲ್ರೂ ಮಾಡೋದೂ ಒಂದೇ ಕೆಲ್ಸ, ಸೀದಾ ಅಂಗಡಿಗೆ ಹೋಗಿ 100/90 ವ್ಯಾಟ್ ಬಲ್ಬ್ ಕೊಡಿ ಅಂತ ಕೇಳೋದು. ಒಂದು ವಾರ ಚೆನ್ನಾಗಿ ಬೆಳಕು ಬರುತ್ತೆ, ಆಮೇಲೆ ಹೋಲ್ಡರ್ ಕರಗಿ ವಾಸನೆ ಬರುತ್ತೆ. ನನ್ನ ಪ್ರಕಾರ ಹಳೇ ಗಾಡೀಲಿ ಹೆಚ್ಚಿನ ಸಲ ಬಲ್ಬ್‌ದು ತಪ್ಪೇ ಇರಲ್ಲ, ಬ್ಯಾಟರಿಯಿಂದ ಬಲ್ಬ್‌ವರೆಗೆ ಬರೋ ದಾರೀಲಿ ವೋಲ್ಟೇಜ್ ಇಳಿದು ಹೋಗಿರುತ್ತೆ ಅಷ್ಟೆ. ರಾತ್ರಿ ಟೊಮ್ಯಾಟೊ ಕ್ರೇಟ್ ತುಂಬ್ಕೊಂಡು ಕೋಲಾರ ಎಪಿಎಂಸಿ ಕಡೆ ಹೊರಡೋರು, ಮಂಜಲ್ಲಿ ಚಾರ್ಮಾಡಿ ಇಳಿಯೋರು ಇದನ್ನ ಒಂದ್ಸಲ ಕೂತು ಸರಿಮಾಡ್ಕೊಂಡ್ರೆ ಮತ್ತೆ ವರ್ಷಗಟ್ಟಲೆ ಆ ಕಡೆ ತಲೆ ಹಾಕೋ ಹಾಗಿಲ್ಲ.

ಮೊದ್ಲು ತೊಂದ್ರೆ ಯಾವ್ದು ಅಂತ ಬೇರೆ ಮಾಡ್ಕೊಳ್ಳಿ. ಒಂದೇ ಕಡೆ ಲೈಟ್ ಹೋಗಿದ್ರೆ ಎಡಗಡೆ ಬಲ್ಬ್ ಬಲಕ್ಕೆ ಹಾಕಿ ನೋಡಿ, ತೊಂದ್ರೆ ಬಲ್ಬ್ ಜೊತೆ ಆ ಕಡೆ ಹೋದ್ರೆ ಬಲ್ಬ್ ಸತ್ತಿದೆ, ಹೋಗ್ಲಿಲ್ಲ ಅಂದ್ರೆ ಹೋಲ್ಡರ್ರೋ ವೈರೋ ಫ್ಯೂಸೋ. ಎರಡೂ ಕಡೆ ಡಿಮ್ ಮಾತ್ರ ಇಲ್ಲ, ಬ್ರೈಟ್ ಇದೆ ಅಂದ್ರೆ ಮುಖ್ಯವಾಗಿ ಎರಡು ಸಾಧ್ಯತೆ. ಒಂದು, ಸ್ಟೀರಿಂಗ್ ಕೆಳಗಿನ ಕಾಂಬಿನೇಶನ್ ಸ್ವಿಚ್ ಸುಟ್ಟಿರುತ್ತೆ, ಇನ್ನೊಂದು, ಒಂದು ಕಡೆ ಡಿಮ್ ಹೋಗಿ ಎಷ್ಟೋ ದಿನ ಆಗಿರುತ್ತೆ, ಡ್ರೈವರ್ ನೋಡಿರಲ್ಲ, ಎರಡನೇದು ಹೋದಾಗ್ಲೇ ಗೊತ್ತಾಗೋದು, ಇದೇ ಜಾಸ್ತಿ. ಎರಡೂ ಕಡೆ ಲೈಟ್ ಇದೆ ಆದ್ರೆ ಹಳದಿ ಹಳದಿ, ಸೀಮೆಎಣ್ಣೆ ಬುಡ್ಡಿ ಥರ ಅಂದ್ರೆ ಅದು ವೋಲ್ಟೇಜ್ ತೊಂದ್ರೆ, ಬಲ್ಬ್ ತರೋಕೆ ಹೋಗ್ಬೇಡಿ.

ಈ ಗಾಡಿಗಳಲ್ಲಿ ಇರೋದು ಎಚ್4 ಅನ್ನೋ ಹ್ಯಾಲೊಜೆನ್ ಬಲ್ಬ್, ಮೂರು ಕಾಲು, 12 ವೋಲ್ಟ್ 60/55 ವ್ಯಾಟ್, ಅಂದ್ರೆ ಬ್ರೈಟಿಗೆ 60, ಡಿಮ್ಮಿಗೆ 55. ಎರಡೂ ಕಡೆ ಸೇರಿ ಹೆಚ್ಚುಕಮ್ಮಿ 10 ಆಂಪ್ ಎಳೆಯುತ್ತೆ. ಹ್ಯಾಲೊಜೆನ್ ಬಲ್ಬಿನ ಒಂದು ಗುಣ ಏನಂದ್ರೆ ವೋಲ್ಟೇಜ್ 10% ಇಳಿದ್ರೆ ಬೆಳಕು 10% ಅಲ್ಲ, ಸುಮಾರು 30% ಇಳಿದುಹೋಗುತ್ತೆ. ಒಂದು ವೋಲ್ಟ್ ಚಿಲ್ರೆ ಅಲ್ವಾ ಅಂತ ಬಿಡೋ ಹಾಗಿಲ್ಲ ಅನ್ನೋದು ಅದಕ್ಕೇ.

ಅಳೆಯೋಕೆ ಸಾಧಾರಣ ಡಿಜಿಟಲ್ ಮೀಟರ್ ಸಾಕು. ಇಂಜಿನ್ ಆನ್, ಲೈಟ್ ಆನ್ ಇರ್ಲಿ, ಬಲ್ಬ್ ಕೂಡ ಹೋಲ್ಡರಲ್ಲೇ ಇರ್ಬೇಕು. ಹೋಲ್ಡರ್ ಬಿಚ್ಚಿ ಬರೀ ವೈರ್ ತುದೀಲಿ ಅಳೆದ್ರೆ ಎಲ್ಲಾ ಸರಿ ಇದೆ ಅಂತ್ಲೇ ತೋರ್ಸುತ್ತೆ, ಲೋಡ್ ಇದ್ದಾಗ್ಲೇ ನಿಜ ಗೊತ್ತಾಗೋದು. ಮೊದ್ಲು ಬ್ಯಾಟರಿ ಎರಡು ಟರ್ಮಿನಲ್ ಮೇಲೆ ನೋಡಿ, 13.8ರಿಂದ 14.2 ಹತ್ರ ಬರ್ಬೇಕು, ಬರ್ಲಿಲ್ಲ ಅಂದ್ರೆ ಆಲ್ಟರ್ನೇಟರ್ ಕಡೆ ಹೋಗಿ, ಇಲ್ಲಿ ಟೈಮ್ ವೇಸ್ಟ್ ಮಾಡ್ಬೇಡಿ. ಆಮೇಲೆ ಹೋಲ್ಡರ್ ಹಿಂದಿನಿಂದ ಮೀಟರ್ ಪಿನ್ ತೂರಿಸಿ ಬಲ್ಬ್ ಕಾಲಲ್ಲೇ ಅಳೀರಿ. 13ರ ಮೇಲಿದ್ರೆ ಚೆನ್ನಾಗಿದೆ, 12ಕ್ಕಿಂತ ಕೆಳಗಿದ್ರೆ ಕಳ್ಳ ಸಿಕ್ಕ ಅಂತ ಅರ್ಥ, ಇನ್ನು ಅವನು ಪ್ಲಸ್ ಕಡೆ ಇದಾನೋ ಮೈನಸ್ ಕಡೆ ಇದಾನೋ ನೋಡ್ಬೇಕು. ಮೀಟರಿನ ಒಂದು ಪಿನ್ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಹೋಲ್ಡರಿನ ಅರ್ತ್ ಕಾಲಿಗೆ ಇಡಿ. 0.2 ವೋಲ್ಟ್ ಒಳಗಿದ್ರೆ ಅರ್ತ್ ಸರಿ ಇದೆ. ಅರ್ಧ ವೋಲ್ಟ್, ಒಂದು ವೋಲ್ಟ್ ಅಂತ ತೋರ್ಸಿದ್ರೆ ಅರ್ತ್ ಹೋಗಿದೆ.

ಅರ್ತ್ ರಿಪೇರಿಗೆ ಖರ್ಚೇ ಇಲ್ಲ. ಹೆಡ್‌ಲೈಟ್ ಹಿಂದೆ ಬಾಡಿಗೆ ಒಂದು ಬೋಲ್ಟಲ್ಲಿ ಕಪ್ಪು ವೈರ್ ಕೂತಿರುತ್ತೆ, ಬಿಚ್ಚಿ ನೋಡಿದ್ರೆ ಲಗ್ (ವೈರ್ ತುದೀಲಿರೋ ತಗಡಿನ ಬಳೆ) ಕೆಳಗೆ ತುಕ್ಕು, ಮೇಲೆ ಟಿಂಕರಿಂಗ್ ಮಾಡ್ದಾಗ ಬಿದ್ದ ಪೇಂಟು. ಎಮರಿ ಪೇಪರಲ್ಲಿ ತಗಡು ಹೊಳೆಯೋ ತನಕ ಉಜ್ಜಿ, ಹೊಸ ಲಗ್ ಹಾಕಿ ಟೈಟ್ ಮಾಡಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಕರಾವಳಿ ಕಡೆ ಗಾಡಿಗಳಿಗೆ ಈ ವ್ಯಾಸಲೀನ್ ಬಿಡ್ಲೇಬೇಡಿ, ಉಪ್ಪುಗಾಳಿಗೆ ಎರಡು ಮಳೆಗಾಲದಲ್ಲಿ ಮತ್ತೆ ಅದೇ ಕತೆ ಆಗುತ್ತೆ.

ಈಗ ಹೋಲ್ಡರ್ ನೋಡಿ. ಬಿಳೀ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಉಗುರಲ್ಲಿ ಒತ್ತಿದ್ರೆ ಪುಡಿ ಉದುರುತ್ತಾ, ಒಳಗಿನ ಲೋಹದ ಕ್ಲಿಪ್ ನೀಲಿ ಕಪ್ಪಾಗಿದ್ಯಾ, ಹಾಗಿದ್ರೆ ಅದು ಮುಗೀತು. ಅಂಗಡೀಲಿ ಸೆರಾಮಿಕ್ ಹೋಲ್ಡರ್ ವೈರ್ ಸಮೇತ ಸಿಗುತ್ತೆ, ಅದನ್ನೇ ತನ್ನಿ. ಹಾಕೋವಾಗ ಹಳೇ ವೈರನ್ನ ಇಂಚು ಇಂಚಾಗಿ ಸುಲೀರಿ, ಒಳಗಿನ ತಾಮ್ರ ಕಪ್ಪಾಗಿದ್ರೆ ಇನ್ನೂ ಹಿಂದಕ್ಕೆ ಕಟ್ ಮಾಡಿ, ಕೆಂಪು ತಾಮ್ರ ಸಿಗೋ ತನಕ. ಬೆಸುಗೆ ಹಾಕಿ ಸ್ಲೀವ್ ಎಳೀರಿ, ಬರೀ ತಿರುಚಿ ಟೇಪ್ ಸುತ್ತಿದ್ರೆ ಆರು ತಿಂಗ್ಳಿಗೆ ಇಂಜಿನ್ ಶಾಖಕ್ಕೆ ಗೋಂದು ಕರಗಿ ಟೇಪ್ ಬಿಚ್ಕೊಳ್ಳುತ್ತೆ. ಮೂರು ಕಾಲಲ್ಲಿ ಯಾವ್ದು ಡಿಮ್, ಯಾವ್ದು ಬ್ರೈಟ್, ಯಾವ್ದು ಅರ್ತ್ ಅಂತ ವೈರ್ ಬಣ್ಣ ನಂಬ್ಬೇಡಿ, ಹಳೇ ಗಾಡೀಲಿ ಯಾರ್ಯಾರೋ ಕೈ ಹಾಕಿರ್ತಾರೆ, ಟೆಸ್ಟ್ ಲ್ಯಾಂಪ್ ಇಟ್ಟು ನೋಡ್ಕೊಂಡೇ ಸೇರಿಸಿ.

ಇಷ್ಟೆಲ್ಲಾ ಆದ್ಮೇಲೂ ಪ್ಲಸ್ ಕಡೆ ವೋಲ್ಟ್ ಇಳೀತಿದ್ರೆ ರಿಲೇ ಕಿಟ್ ಹಾಕೋದೇ ದಾರಿ. ಹೆಡ್‌ಲೈಟಿಗೆ ರಿಲೇ ಇಲ್ಲದ ಹಳೇ ಗಾಡಿಗಳಲ್ಲಿ ಆ 10 ಆಂಪೂ ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ ಹೋಗಿ, ಸ್ವಿಚ್ ಒಳಗೆ ತೂರಿ, ವಾಪಸ್ ಮುಂದೆ ಬರುತ್ತೆ. ರಿಲೇ ಹಾಕಿದ್ರೆ ಸ್ವಿಚ್ ಬರೀ ಸನ್ನೆ ಕೊಡುತ್ತೆ, ದೊಡ್ಡ ಕರೆಂಟು ಬ್ಯಾಟರಿಯಿಂದ ನೇರ ಬಲ್ಬಿಗೆ. ಡಿಮ್ಮಿಗೊಂದು ಬ್ರೈಟಿಗೊಂದು ರಿಲೇ ಬೇಕು. ರಿಲೇ ಕೆಳಗೆ ನಂಬರ್ ಅಚ್ಚಾಗಿರುತ್ತೆ: 30ಕ್ಕೆ ಬ್ಯಾಟರಿ ಪ್ಲಸ್ಸು, 87ರಿಂದ ಬಲ್ಬಿಗೆ, 85 86ರಲ್ಲಿ ಒಂದು ಅರ್ತ್, ಇನ್ನೊಂದಕ್ಕೆ ಹಳೇ ಹೆಡ್‌ಲೈಟ್ ವೈರಿನ ಸಿಗ್ನಲ್. ವೈರ್ 2.5 ಸ್ಕ್ವೇರ್ ಎಂಎಂ ಇರ್ಲಿ, ಒಂದೊಂದು ರಿಲೇಗೂ 15 ಆಂಪ್ ಫ್ಯೂಸು, ಅದೂ ಬ್ಯಾಟರಿ ಪಕ್ಕದಲ್ಲೇ. ಫ್ಯೂಸ್ ಇಲ್ದೆ ಬ್ಯಾಟರಿಯಿಂದ ವೈರ್ ಎಳೆಯೋರು ಇದಾರೆ, ಆ ವೈರ್ ಎಲ್ಲಾದ್ರೂ ಬಾಡಿಗೆ ಉಜ್ಜಿ ಸುಲಿದ್ರೆ ಗಾಡಿಗೇ ಬೆಂಕಿ. ಇನ್ನೊಂದು ವಿಷ್ಯ, ಕೆಲವು ಗಾಡಿಗಳಲ್ಲಿ ಸ್ವಿಚ್ ಪ್ಲಸ್ ಕಡೆ ಇರಲ್ಲ, ಅರ್ತ್ ಕಡೆ ಇರುತ್ತೆ, ಮೂರು ಕಾಲಲ್ಲಿ ಕಾಮನ್ ಕಾಲಿಗೆ ಯಾವಾಗ್ಲೂ ಪ್ಲಸ್ ಬರ್ತಿದ್ರೆ ಅದು ಆ ಜಾತಿ, ಅದಕ್ಕೆ ಈ ಕನೆಕ್ಷನ್ ಆಗಲ್ಲ, ಒಬ್ಬ ಒಳ್ಳೆ ಎಲೆಕ್ಟ್ರಿಶಿಯನ್ ಹತ್ರ ಮಾಡಿಸಿ.

ಬಲ್ಬ್ ಬದಲಾಯಿಸೋದು ಇದೆಲ್ಲದರ ಮುಂದೆ ಏನೂ ಅಲ್ಲ. ಲೈಟ್ ಆಫ್ ಮಾಡಿ ತಣ್ಣಗಾಗೋಕೆ ಬಿಡಿ, ಹೋಲ್ಡರ್ ಎಳೀರಿ, ರಬ್ಬರ್ ಕವರ್ ಬಿಚ್ಚಿ, ತಂತಿ ಕ್ಲಿಪ್ ಒತ್ತಿ ಪಕ್ಕಕ್ಕೆ ಸರಿಸಿದ್ರೆ ಬಲ್ಬ್ ಕೈಗೆ ಬರುತ್ತೆ. ಹೊಸ ಬಲ್ಬಿನ ಗಾಜು ಮಾತ್ರ ಮುಟ್ಬೇಡಿ, ಕೈ ಜಿಡ್ಡು ಅಂಟಿದ ಜಾಗ ಬಿಸಿಗೆ ಹಾಳಾಗಿ ಬಲ್ಬ್ ಬೇಗ ಹೋಗುತ್ತೆ, ಮುಟ್ಟಿದ್ರೆ ಸ್ಪಿರಿಟ್ ಹಾಕಿ ಒರೆಸಿ. ಬಲ್ಬಿನ ತಗಡಲ್ಲಿ ಮೂರು ಕಿವಿ ಇರುತ್ತೆ, ಒಂದು ಅಗಲ, ಹಾಗಾಗಿ ಒಂದೇ ರೀತಿ ಕೂರುತ್ತೆ, ಕೂರ್ಲಿಲ್ಲ ಅಂದ್ರೆ ಒತ್ತಬೇಡಿ, ತಿರುಗಿಸಿ ನೋಡಿ. ರಬ್ಬರ್ ಕವರ್ ಸುತ್ತಲೂ ಸರಿಯಾಗಿ ಕೂರಿಸಿ, ಇದನ್ನ ಅರ್ಧಂಬರ್ಧ ಹಾಕೋದ್ರಿಂದ್ಲೇ ಡೂಮ್ (ಬಲ್ಬ್ ಕೂರೋ ಹೆಡ್‌ಲೈಟಿನ ಪೂರ್ತಿ ಚಿಪ್ಪು) ಒಳಗೆ ಧೂಳು ನೀರು ಸೇರೋದು.

ವೋಲ್ಟೇಜ್ ಸರಿ ಇದೆ, ಬಲ್ಬ್ ಹೊಸದು, ಆದ್ರೂ ಬೆಳಕಿಲ್ಲ ಅಂದ್ರೆ ಡೂಮ್ ನೋಡಿ. ಹೊರಗಿನ ಪ್ಲಾಸ್ಟಿಕ್ ಹಳದಿಯಾಗಿದ್ರೆ ವಾಟರ್ ಪೇಪರ್ 800, 1500, 2000 ಅಂತ ಒಂದಾದ್ಮೇಲೊಂದು ನೀರು ಹಾಕಿ ಉಜ್ಜಿ, ಕಾಂಪೌಂಡ್ ಹಚ್ಚಿ ಪಾಲಿಶ್ ಮಾಡಿದ್ರೆ ತಿಳಿಯಾಗುತ್ತೆ, ಆದ್ರೆ ಮೇಲೆ ಯುವಿ ತಡೆಯೋ ಕ್ಲಿಯರ್ ಕೋಟ್ ಹೊಡೀಲೇಬೇಕು, ಯಾಕಂದ್ರೆ ಫ್ಯಾಕ್ಟರಿ ಕೋಟಿಂಗನ್ನ ನೀವೇ ಉಜ್ಜಿ ತೆಗ್ದಿರ್ತೀರ, ಬಿಟ್ರೆ ಬಿಸಿಲಿಗೆ ಮೊದಲಿಗಿಂತ ಬೇಗ ಹಳದಿಯಾಗುತ್ತೆ. ಟೂತ್‌ಪೇಸ್ಟ್ ಹಚ್ಚೋದು ಗಾಡಿ ಮಾರೋ ದಿನಕ್ಕೆ ಸರಿ. ಒಳಗಿನ ಬೆಳ್ಳಿ ಬಣ್ಣ ಹೋಗಿ ಬೂದಿ ಬೂದಿ ಆಗಿದ್ರೆ ಮಾತ್ರ ಏನೂ ಮಾಡೋಕಾಗಲ್ಲ, ಅದು ತುಂಬಾ ತೆಳು ಅಲ್ಯೂಮಿನಿಯಂ ಲೇಪ, ಒರೆಸೋಕೆ ಹೋದ್ರೆ ಇರೋದೂ ಬರುತ್ತೆ, ಡೂಮೇ ಬದಲಾಯಿಸ್ಬೇಕು.

ಡೂಮ್ ಜೋಡಿ ಬದಲಾಯಿಸೋದು ಒಳ್ಳೇದು, ಒಂದು ಹೊಸದು ಒಂದು ಹಳೇದು ಅಂದ್ರೆ ರಸ್ತೆ ಮೇಲೆ ಬೆಳಕು ವಾರೆಯಾಗಿ ಬೀಳುತ್ತೆ. ಬೊಲೆರೊ ಮುಖ ಎಷ್ಟೋ ಸಲ ಬದಲಾಗಿದೆ, ಹಾಗಾಗಿ ಬೆಂಗಳೂರು ಜೆಸಿ ರೋಡಿಗೆ ಹೋದ್ರೂ ಊರಿನ ಅಂಗಡಿಗೆ ಹೋದ್ರೂ ಹಳೇದನ್ನ ಬಿಚ್ಚಿ ಕೈಲಿ ಹಿಡ್ಕೊಂಡೇ ಹೋಗಿ. ಹಳೇ ಮಹೀಂದ್ರ ಜೀಪುಗಳ 7 ಇಂಚು ಗುಂಡು ಲೈಟಾದ್ರೆ ಸುಲಭ, ಹೊರಗಿನ ರಿಂಗ್ ತೆಗ್ದು ಒಳಗಿನ ರಿಂಗಿನ ಸಣ್ಣ ಸ್ಕ್ರೂ ಸಡಿಲ ಮಾಡಿದ್ರೆ ಲೈಟ್ ಮುಂದಕ್ಕೆ ಬರುತ್ತೆ, ಪಕ್ಕದಲ್ಲಿರೋ ಸ್ಪ್ರಿಂಗ್ ಇರೋ ಉದ್ದ ಸ್ಕ್ರೂ ಮಾತ್ರ ತಿರುಗಿಸ್ಬೇಡಿ, ಅವು ಬೆಳಕಿನ ದಿಕ್ಕಿಂದು. ಈ ಗುಂಡು ಲೈಟ್ ಆನ್‌ಲೈನಲ್ಲಿ ತರಿಸೋರು ಗಮನಿಸಿ, ನಾವು ಎಡಗಡೆ ಓಡಿಸೋರು, ನಮ್ಮ ಡಿಮ್ ಬೆಳಕು ಎಡಕ್ಕೆ ಮೇಲೇಳ್ಬೇಕು, ಬಲಗಡೆ ಓಡಿಸೋ ದೇಶದ ಲೈಟ್ ತಂದ್ರೆ ಬೆಳಕು ಬಲಕ್ಕೆ ಎದ್ದು ಎದುರಿನವನ ಕಣ್ಣಿಗೇ ಹೊಡೆಯುತ್ತೆ. ಹ್ಯಾಲೊಜೆನ್ ಡೂಮಿಗೆ ಎಲ್ಇಡಿ ಬಲ್ಬ್ ತುರುಕೋದೂ ಹೆಚ್ಚುಕಮ್ಮಿ ಇದೇ, ಫಿಲಮೆಂಟ್ ಇರೋ ಜಾಗ ನೋಡ್ಕೊಂಡೇ ಡೂಮ್ ಒಳಗಿನ ಬೆಳ್ಳಿ ಬಣ್ಣದ ಬಟ್ಟಲು ಮಾಡಿರೋದು, ಎಲ್ಇಡಿ ಹಾಕಿದ್ರೆ ಬೆಳಕು ಎಲ್ಲಾ ಕಡೆ ಚೆಲ್ಲುತ್ತೆ, ನಿಮಗೆ ಬೆಳ್ಳಗೆ ಕಾಣುತ್ತೆ, ಎದುರು ಬರೋನು ಕುರುಡ. ಎಫ್‌ಸಿಗೆ (ಗಾಡಿ ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗ ತಕರಾರು ಬೇರೆ.

ಕೊನೇಲಿ ಅಲೈನ್‌ಮೆಂಟ್. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಗಾಡಿ ನಿಲ್ಸಿ, ನಾಲ್ಕೂ ಚಕ್ರದಲ್ಲಿ ಗಾಳಿ ಸರಿ ಇರ್ಲಿ, ಸೀಟಲ್ಲಿ ಒಬ್ರು ಕೂತಿರ್ಲಿ. ಬಲ್ಬಿನ ಮಧ್ಯ ನೆಲದಿಂದ ಎಷ್ಟು ಎತ್ತರ ಅಂತ ಟೇಪಲ್ಲಿ ಅಳೆದು ಗೋಡೆ ಮೇಲೆ ಅಷ್ಟೇ ಎತ್ತರಕ್ಕೆ ಗೆರೆ ಎಳೀರಿ, ಅದಕ್ಕಿಂತ 10 ಸೆಂ.ಮೀ ಕೆಳಗೆ ಇನ್ನೊಂದು. ಡಿಮ್ ಬೆಳಕಿನ ಮೇಲಂಚು ಬಲಭಾಗದಲ್ಲಿ ಈ ಕೆಳಗಿನ ಗೆರೆ ಮೇಲೆ ಕೂರ್ಬೇಕು. ಜಾಗ ಇಲ್ಲ ಅಂದ್ರೆ 5 ಮೀಟರಲ್ಲಿ ನಿಲ್ಸಿ 5 ಸೆಂ.ಮೀ ಇಟ್ಕೊಳ್ಳಿ. ಒಂದು ಲೈಟಿಗೆ ಬಟ್ಟೆ ಮುಚ್ಚಿ ಇನ್ನೊಂದನ್ನ ಬೆಳಕಿನ ದಿಕ್ಕಿನ ಸ್ಕ್ರೂ ತಿರುಗಿಸಿ ಸರಿಮಾಡಿ.

ಕಾರಿಗೆ ಇಷ್ಟು ಸಾಕು, ಪಿಕಪ್ಪಿಗೆ ಸಾಲಲ್ಲ. ಹಿಂದೆ ಲೋಡ್ ಬಿದ್ದ ಕೂಡ್ಲೇ ಪಟ್ಟೆ (ಹಿಂದಿನ ಸ್ಪ್ರಿಂಗ್) ಕೂತು ಮೂತಿ ಮೇಲೇಳುತ್ತೆ, ಖಾಲಿ ಗಾಡೀಲಿ ಸರಿ ಇದ್ದ ಡಿಮ್ಮು ಲೋಡಲ್ಲಿ ಬ್ರೈಟ್ ಥರ ಆಗುತ್ತೆ, ಎದುರಿನ ಲಾರಿಯೋರು ಸುಮ್ಸುಮ್ನೆ ಡಿಪ್ಪರ್ ಹೊಡೆಯಲ್ಲ. ಡ್ಯಾಶ್‌ಬೋರ್ಡಲ್ಲಿ 0, 1, 2, 3 ಅಂತ ತಿರುಗಿಸೋ ನಾಬ್ ಇದ್ರೆ ಖಾಲಿ ಗಾಡೀಲಿ 0 ಇಟ್ಟು ಸೆಟ್ ಮಾಡಿ, ಲೋಡ್ ಆದಾಗ ನಂಬರ್ ಏರಿಸಿ, ಬೆಳಕು ಕೆಳಗಿಳಿಯುತ್ತೆ. ಎಷ್ಟೋ ಗಾಡೀಲಿ ಆ ನಾಬ್ ಇದ್ರೂ ಒಳಗಿನ ಮೋಟರ್ ಜಾಮ್ ಆಗಿರುತ್ತೆ, ಗೋಡೆ ಮುಂದೆ ನಿಂತಿದ್ದಾಗ್ಲೇ ತಿರುಗಿಸಿ ಅಂಚು ಇಳಿಯುತ್ತಾ ನೋಡಿ. ನಾಬೇ ಇಲ್ಲ, ಗಾಡಿ ರಾತ್ರಿ ಓಡೋದೆಲ್ಲ ಲೋಡಲ್ಲೇ ಅಂದ್ರೆ ಮಾಮೂಲಿ ಹಾಕೋ ಲೋಡ್ ಹಾಕ್ಕೊಂಡೇ ಅಲೈನ್‌ಮೆಂಟ್ ಮಾಡಿ, ಖಾಲಿ ಬರೋವಾಗ ಬೆಳಕು ಸ್ವಲ್ಪ ಹತ್ರ ಬೀಳುತ್ತೆ, ಬೀಳ್ಲಿ, ಆಗ ನಿಧಾನಕ್ಕೆ ಬನ್ನಿ. ತೆಗೆದ ಬಲ್ಬ್ ಇನ್ನೂ ಉರೀತಿದ್ರೆ ಹೊಸದರ ಡಬ್ಬೀಲಿ ಹಾಕಿ ಒಂದು 15 ಆಂಪ್ ಫ್ಯೂಸ್ ಜೊತೆ ಡ್ಯಾಶ್‌ಬೋರ್ಡಲ್ಲಿ ಇಡಿ.